ಆಂಪ್ಲಿಫೈಯರ್‌ನ ಪವರ್ ಕೇಬಲ್ ಫೈರ್‌ವಾಲ್ ದಾಟಿಸಲು ಹೊಸ ತೂತು ಕೊರೆಯಲೇಬೇಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಮತ್ತು 500 ವ್ಯಾಟ್ ಆರ್‌ಎಂಎಸ್‌ನ (ಸತತವಾಗಿ ಕೊಡಬಲ್ಲ ಶಕ್ತಿ) ಕ್ಲಾಸ್ ಡಿ (ವಿದ್ಯುತ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ಲಿಫೈಯರ್ ಕೂರಿಸುತ್ತಿದ್ದೇನೆ. ಬ್ಯಾಟರಿಯಿಂದ ಅಲ್ಲಿಗೆ ಸುಮಾರು 5 ಮೀಟರ್ ಕೇಬಲ್ ಬೇಕು. ಎಂಜಿನ್ನನ್ನೂ ಕೂರುವ ಜಾಗವನ್ನೂ ಬೇರ್ಪಡಿಸುವ ತಗಡಿನ ಗೋಡೆಯಾದ ಫೈರ್‌ವಾಲ್ ಹತ್ತಿರ ಬಂದು ಕೆಲಸ ನಿಂತಿದೆ. ಅಂಗಡಿಯವರು ತಗಡಿಗೆ ಹೊಸ ತೂತು ಕೊರೆದು ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎನ್ನುತ್ತಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಆಂಪ್ಲಿಫೈಯರ್‌ನಲ್ಲಿಯೇ ಫ್ಯೂಸ್ ಇರುವಾಗ ಬ್ಯಾಟರಿಯ ಬಳಿ ಮತ್ತೊಂದು ಏಕೆ ಬೇಕು ಎಂಬುದನ್ನೂ ತಿಳಿಸಿ.

ಉತ್ತರ 1:
ನಾನು ಆಟೋ ಎಲೆಕ್ಟ್ರಿಷಿಯನ್. ದಯವಿಟ್ಟು ಅವಸರಪಟ್ಟು ಕೊರೆಸಬೇಡಿ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಟಾರ್ಚ್ ಹಿಡಿದು ನೋಡಿದರೆ, ಕಾರಿನ ಮುಖ್ಯ ವೈರಿಂಗ್ ಒಳಬರುವ ಕಡೆ ದಪ್ಪನೆಯ ಕಪ್ಪು ರಬ್ಬರ್ ಗ್ರಾಮೆಟ್ (ತೂತಿನ ಅಂಚು ತಂತಿಯನ್ನು ಕೊಯ್ಯದಂತೆ ಕೂರಿಸುವ ಬಳೆ) ಕಾಣುತ್ತದೆ. ಬಹಳ ಕಾರುಗಳಲ್ಲಿ ಅದರ ಪಕ್ಕದಲ್ಲಿ ಬಳಸದೆ ಬಿಟ್ಟ ಮೊಗ್ಗಿನಂಥ ತುದಿಯೊಂದು ಇರುತ್ತದೆ. ಅದನ್ನು ಕತ್ತರಿಸಿದರೆ ದಾರಿ ಸಿಕ್ಕಿತು. ಗಟ್ಟಿ ತಂತಿಯೊಂದನ್ನು ಮೊದಲು ತೂರಿಸಿ, ಅದರ ತುದಿಗೆ ಕೇಬಲ್ಲನ್ನು ಟೇಪಿನಿಂದ ಬಿಗಿದು, ರಬ್ಬರಿಗೆ ಸ್ವಲ್ಪ ಸೋಪಿನ ನೀರು ಸವರಿ ಮೆಲ್ಲಗೆ ಎಳೆಯಿರಿ.

ಫ್ಯೂಸ್ ವಿಷಯದಲ್ಲಿ ಬಹಳ ಮಂದಿ ತಪ್ಪು ತಿಳಿದಿದ್ದಾರೆ. ಆಂಪ್ಲಿಫೈಯರ್‌ನ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ. ಬ್ಯಾಟರಿಯ ಬಳಿಯದು ಕೇಬಲ್ಲನ್ನು ಕಾಯುತ್ತದೆ. ದಾರಿಯಲ್ಲಿ ಎಲ್ಲಿಯಾದರೂ ಕೇಬಲ್ಲಿನ ಹೊದಿಕೆ ಸವೆದು ತಾಮ್ರವು ಕಾರಿನ ತಗಡಿಗೆ ತಗುಲಿದರೆ, ಆ ಕರೆಂಟು ಆಂಪ್ಲಿಫೈಯರ್‌ವರೆಗೆ ಹೋಗುವುದೇ ಇಲ್ಲವಾದ್ದರಿಂದ ಅಲ್ಲಿನ ಫ್ಯೂಸ್ ಸುಡುವುದಿಲ್ಲ, ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತಲೇ ಇರುತ್ತದೆ, ಕೇಬಲ್ ಕೆಂಪಗೆ ಕಾದು ಬೆಂಕಿ ಹತ್ತುತ್ತದೆ. ಒಮ್ಮೆ ನನ್ನಲ್ಲಿಗೆ ಬಂದ ಕಾರಿನಲ್ಲಿ ಗ್ರಾಮೆಟ್ ಇಲ್ಲದೆ ಬರಿಯ ತೂತಿನೊಳಗೆ ಕೇಬಲ್ ಎಳೆದಿದ್ದರು. ಹೊರತೆಗೆದು ನೋಡಿದರೆ ತಗಡಿನ ಅಂಚು ಕೆಂಪು ಹೊದಿಕೆಯನ್ನು ಬ್ಲೇಡಿನಿಂದ ಕೊಯ್ದ ಹಾಗೆ ಕೊಯ್ದಿತ್ತು, ಸೀಳಿನೊಳಗೆ ತಾಮ್ರದ ಎಳೆಗಳು ಹೊಳೆಯುತ್ತಿದ್ದವು. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ, ಫೈರ್‌ವಾಲ್‌ಗಿಂತ ಮೊದಲೇ, ಫ್ಯೂಸ್ ಹಾಕಿ.

ಉತ್ತರ 2:
ಮೇಲಿನವರ ಮಾತು ಸರಿ. ಕೇಬಲ್ಲಿನ ದಪ್ಪದ ಬಗ್ಗೆ ಒಂದು ಮಾತು. ನಿಮ್ಮ ಆಂಪ್ಲಿಫೈಯರ್ ಪೂರ್ತಿ ದುಡಿಯುವಾಗ ಸುಮಾರು 48 ಆಂಪಿಯರ್ ಎಳೆಯುತ್ತದೆ. ಗೇಜ್ ಎಂದರೆ ತಂತಿಯ ದಪ್ಪದ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 5 ಮೀಟರ್ ಉದ್ದದ 8 ಗೇಜ್ ತಾಮ್ರದಲ್ಲಿ ಅರ್ಧ ವೋಲ್ಟ್ ಕಳೆದುಹೋಗುತ್ತದೆ, 4 ಗೇಜ್‌ನಲ್ಲಿ 0.2 ವೋಲ್ಟ್ ಮಾತ್ರ. ಆದ್ದರಿಂದ 4 ಗೇಜ್ ಕೇಬಲ್, 60 ಆಂಪಿಯರ್ ಫ್ಯೂಸ್ ಸಾಕು. ತಾಮ್ರದ ಲೇಪವಿರುವ ಅಲ್ಯುಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ರೋಧ ಹೆಚ್ಚು; ಕೊಳ್ಳುವಾಗ ತುದಿಯನ್ನು ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಬೇಡ.

ಕೊರೆಯದೆ ಗತಿಯಿಲ್ಲ ಎಂದಾದರೆ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ತಗಡಿನ ಎರಡೂ ಬದಿಯನ್ನು ಕಣ್ಣಾರೆ ನೋಡಿ, ಅದರ ಹಿಂದೆ ಬ್ರೇಕ್ ಪೈಪ್, ಎಸಿ ಪೈಪ್, ವೈರಿಂಗ್ ಯಾವುದೂ ಇಲ್ಲವೆಂದು ಖಚಿತವಾದ ಮೇಲೆಯೇ ಕೊರೆಯಿರಿ. ತೂತಿನ ಅಂಚನ್ನು ಅರದಿಂದ ಉಜ್ಜಿ ಪ್ರೈಮರ್ ಬಳಿಯಿರಿ. ನಮ್ಮ ಮಲೆನಾಡಿನ ಮಳೆಯಲ್ಲಿ ಬರಿ ತಗಡು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ ನೀವು ಹೇಳಿದ ರಬ್ಬರ್ ಮೊಗ್ಗು ಸಿಕ್ಕಿತು, ಕೇಬಲ್ ದಾಟಿತು. ಪೆಡಲಿಗೆ ತಗುಲದಂತೆ ಅದನ್ನು ಮೇಲೆತ್ತಿ ಟೈ ಕಟ್ಟಿದ್ದೇನೆ. ಸ್ಟೀರಿಯೊದಿಂದ ಆಂಪ್ಲಿಫೈಯರ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ತಂತಿಯನ್ನು ಪವರ್ ಕೇಬಲ್ ಪಕ್ಕದಲ್ಲಿಯೇ ಎಳೆಯಬಹುದೇ?

ಉತ್ತರ 1:
ಬೇಡ, ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು. ಅದನ್ನು ಕಾರಿನ ಇನ್ನೊಂದು ಬದಿಯಿಂದ ಎಳೆಯಿರಿ. ಎಂಜಿನ್ ಕಡೆಯಲ್ಲಿ ಗ್ರಾಮೆಟ್‌ಗೆ ಮೊದಲು ಕೇಬಲ್ಲನ್ನು ಸ್ವಲ್ಪ ಕೆಳಕ್ಕೆ ಬಾಗಿಸಿಡಿ. ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಎಲ್ಲ ಜೋಡಣೆ ಮುಗಿದ ಮೇಲೆ, ಕೊನೆಯದಾಗಿ ಫ್ಯೂಸನ್ನು ಹೋಲ್ಡರಿಗೆ ಕೂರಿಸಿ.