ಡಿವಿಆರ್ ಬೀಪ್ ಹೊಡೀತಿದೆ, ರಾತ್ರಿ ರೆಕಾರ್ಡಿಂಗ್ ಇಲ್ಲ. ಹಾರ್ಡ್ ಡಿಸ್ಕ್ ಹೋಯ್ತಾ?

ಪ್ರಶ್ನೆ (ಕಲಬುರಗಿ): ಅಣ್ಣಾ ನಮಸ್ಕಾರ. ಗಂಜ್ ಹತ್ತಿರ ನಮ್ಮ ಕಿರಾಣಿ ಅಂಗಡಿ, ಮೇಲೆ ಮನೆ. ನಾಲ್ಕು ಕ್ಯಾಮೆರಾ, 1 ಟಿಬಿ ಡಿಸ್ಕ್, ಹಾಕಿಸಿ ಮೂರು ವರ್ಷ ಆಯ್ತು. ಮೊನ್ನೆ ಪಕ್ಕದ ಮನೆಯವರ ಬೈಕ್ ಕಳುವಾಯ್ತು. ಪೊಲೀಸರು ಬಂದು ಫುಟೇಜ್ ತೋರಿಸಿ ಅಂದ್ರು. ತೆಗೆದು ನೋಡಿದ್ರೆ ಹಗಲಿಂದೆಲ್ಲಾ ಇದೆ, ರಾತ್ರಿದು ಮಾತ್ರ ತುಂಡು ತುಂಡು, ಬೇಕಾದ ಹೊತ್ತಿಂದು ಇಲ್ವೇ ಇಲ್ಲ. ಟಿವಿಯಲ್ಲಿ ಲೈವ್ ಚೆನ್ನಾಗೇ ಬರುತ್ತೆ. ಎರಡು ತಿಂಗಳಿಂದ ಸಂಜೆ ಆದ್ಮೇಲೆ ಡಿವಿಆರ್ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡೋ ಡಬ್ಬಿ) ಬೀಪ್ ಬೀಪ್ ಅಂತಿತ್ತು, ನಿದ್ದೆ ಬರಲ್ಲ ಅಂತ ಮಗ ಸೆಟ್ಟಿಂಗ್‌ನಲ್ಲಿ ಸೌಂಡ್ ಆಫ್ ಮಾಡಿದ್ದ. ರಿಪೇರಿಯವನು ಡಿಸ್ಕ್ ಸತ್ತಿದೆ, ಹೊಸದು ಹಾಕಿಸಿ ಅಂತಾನೆ. ಹಾಕಿಸ್ಲಾ?

ಉತ್ತರ: ತಡೀರಿ ಸಾವ್ಕಾರ್ರೆ, ಈಗಲೇ ದುಡ್ಡು ಕೊಡಬೇಡಿ. ಮೊದಲು ಒಂದು ಮಾತು: ಲೈವ್ ಬರೋದಕ್ಕೂ ಡಿಸ್ಕ್‌ಗೂ ಸಂಬಂಧವೇ ಇಲ್ಲ. ಡಿಸ್ಕ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರೂ ಟಿವಿಯಲ್ಲಿ ಚಿತ್ರ ಬರುತ್ತೆ. ಟಿವಿ ನೋಡಿ ಎಲ್ಲಾ ಸರಿ ಇದೆ ಅಂತ ಕೂತವರೇ ಜಾಸ್ತಿ. ಆ ಬೀಪ್ ಇತ್ತಲ್ಲ, ಡಿಸ್ಕ್ ನನ್ನ ಕೈಗೆ ಸಿಗ್ತಿಲ್ಲ ಅಂತ ಡಿವಿಆರ್ ಕೂಗಿ ಹೇಳ್ತಿತ್ತು. ಮಗ ಅದರ ಬಾಯಿ ಮುಚ್ಚಿಸಿದ್ದಾನೆ.

ಈಗ ಯೋಚನೆ ಮಾಡಿ. ಹಗಲು ಸರಿಯಾಗಿ ಬರೆಯೋ ಡಿಸ್ಕ್ ರಾತ್ರಿ ಯಾಕೆ ಬಿಟ್ಟುಬಿಡುತ್ತೆ? ಡಿಸ್ಕ್‌ಗೆ ಹಗಲು ರಾತ್ರಿ ಗೊತ್ತಿಲ್ಲ. ಕತ್ತಲಾದಾಗ ಬದಲಾಗೋದು ಕ್ಯಾಮೆರಾ, ಕತ್ತಲಲ್ಲಿ ನೋಡೋಕೆ ಇರೋ ಅದರ ಐಆರ್ (ಇನ್‌ಫ್ರಾರೆಡ್) ಲೈಟ್ ಹತ್ತುತ್ತೆ, ಕರೆಂಟ್ ಜಾಸ್ತಿ ಎಳೆಯುತ್ತೆ. ಅದಕ್ಕೇ ಕೇಳ್ತೀನಿ, ನಿಮ್ಮ ಡಿವಿಆರ್‌ಗೆ ಕರೆಂಟ್ ಎಲ್ಲಿಂದ ಬರ್ತಿದೆ? ಹಿಂದಿನ ವೈರ್ ಹಿಡಿದುಕೊಂಡು ಹೋಗಿ ನೋಡಿ ಹೇಳಿ.

ಅದೇ ಪ್ರಶ್ನೆಯವರು: ನೋಡಿದೆ ಅಣ್ಣಾ. ಹೋದ ವರ್ಷ ಮಳೆಗಾಲದಲ್ಲಿ ಸಿಡಿಲು ಹೊಡೆದು ಡಿವಿಆರ್ ಅಡಾಪ್ಟರ್ ಸುಟ್ಟಿತ್ತು. ಆಗ ವೈರಿಂಗ್ ಹುಡುಗ ಕ್ಯಾಮೆರಾಗಳ ಪವರ್ ಡಬ್ಬಿಯಿಂದಲೇ ಎರಡು ವೈರ್ ಎಳೆದು ಡಿವಿಆರ್‌ಗೆ ಕೊಟ್ಟಿದ್ದಾನೆ. ಡಬ್ಬಿ ಮೇಲೆ 12 ವೋಲ್ಟ್ 5 ಆಂಪ್ ಅಂತಿದೆ.

ಉತ್ತರ: ಸಿಕ್ಕಿತು ನೋಡಿ. ನಾಲ್ಕು ಕ್ಯಾಮೆರಾ, ಒಂದು ಡಿವಿಆರ್, ಅದರ ಹೊಟ್ಟೆಯೊಳಗಿನ ಡಿಸ್ಕ್, ಎಲ್ಲಾ ಒಂದೇ ಪವರ್ ಡಬ್ಬಿ (ಎಸ್‌ಎಂಪಿಎಸ್) ಮೇಲೆ. ಸ್ಟಿಕರ್ ಮೇಲೆ 5 ಆಂಪ್ ಇರುತ್ತೆ, ಧೂಳು ತಿಂದು ಹಳೇದಾದ ಡಬ್ಬಿ ಅಷ್ಟು ಕೊಡಲ್ಲ. 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ ಕೆಲವು ಸೆಕೆಂಡ್ 12 ವೋಲ್ಟ್ ಲೈನ್‌ನಿಂದ ಹತ್ತಿರ ಹತ್ತಿರ 2 ಆಂಪ್ ಎಳೆಯುತ್ತೆ. ಐಆರ್ ಹತ್ತಿದ ಹೊತ್ತಲ್ಲಿ ವೋಲ್ಟೇಜ್ ಬಿದ್ದರೆ ಡಿಸ್ಕ್ ನಿಲ್ಲುತ್ತೆ, ಮತ್ತೆ ಏಳಲು ಹೋಗುತ್ತೆ, ಏಳುವಾಗ ಇನ್ನೂ ಜಾಸ್ತಿ ಕೇಳುತ್ತೆ, ಮತ್ತೆ ಬೀಳುತ್ತೆ. ಇವತ್ತು ರಾತ್ರಿ ಎಂಟಕ್ಕೆ ಅಂಗಡಿ ಫ್ಯಾನ್ ಆಫ್ ಮಾಡಿ ಡಿವಿಆರ್ ಮೇಲೆ ಅಂಗೈ ಇಡಿ. ಗುಂಯ್ ಅಂತ ಎದ್ದು, ಟಕ್ ಅಂತ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಂಯ್ ಅಂದರೆ ಅದು ಕರೆಂಟ್ ತೊಂದರೆ. ತಿರುಗುತ್ತಲೇ ಇದ್ದು ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಗಡಿಯಾರದ ಹಾಗೆ ಬಡಿದರೆ ಡಿಸ್ಕ್ ಒಳಗೆ ಓದಿ ಬರೆಯೋ ಹೆಡ್ ಹೋಗಿದೆ. ಸದ್ದೂ ಇಲ್ಲ ನಡುಕವೂ ಇಲ್ಲ ಅಂದ್ರೆ ಕೇಬಲ್, ಡಿಸ್ಕ್ ಬೋರ್ಡ್, ಮೋಟರ್, ಯಾವುದಾದರೂ ಆಗಿರಬಹುದು.

ಮಲ್ಟಿಮೀಟರ್ ಇದ್ದರೆ ವೈರ್ ಬಿಚ್ಚಿ ಅಳೆಯಬೇಡಿ. ಬಿಚ್ಚಿ ಅಳೆದರೆ ಕೆಟ್ಟ ಡಬ್ಬಿಯೂ ಜಾಣನ ಹಾಗೆ 12 ತೋರಿಸುತ್ತೆ. ಎಲ್ಲಾ ಓಡ್ತಿರುವಾಗ, ರಾತ್ರಿಯೇ ಅಳೆಯಿರಿ.

ಡಿವಿಆರ್‌ಗೆ ಬೇರೆಯೇ ಅಡಾಪ್ಟರ್ ತನ್ನಿ. ವೋಲ್ಟ್ 12 ಇರಲೇಬೇಕು. ಆಂಪ್ ಡಿವಿಆರ್ ಸ್ಟಿಕರ್‌ನಲ್ಲಿ ಬರೆದಷ್ಟು, ಇಲ್ಲವೇ ಅದಕ್ಕಿಂತ ಜಾಸ್ತಿ ಇದ್ದರೂ ನಡೆಯುತ್ತೆ, ಕಮ್ಮಿ ಬೇಡ. ಪಿನ್‌ನ ಪ್ಲಸ್ ಮೈನಸ್ ಹೊಂದುತ್ತಾ ಅಂತ ನೋಡಿಯೇ ಚುಚ್ಚಿ. ಅದಕ್ಕೂ ಮೊದಲು, ಉಳಿದ ತುಂಡುಗಳಲ್ಲಿ ಪೊಲೀಸರಿಗೆ ಬೇಕಾದದ್ದು ಏನಾದರೂ ಇದ್ದರೆ ಹಗಲಲ್ಲೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಡಿಸ್ಕ್ ಸರಿಯಾಗಿ ಬರೆಯಲು ಶುರು ಮಾಡಿದ ಮೇಲೆ ಹಳೇದರ ಮೇಲೆ ಹೊಸದು ಕೂರುತ್ತೆ. ಬೈಕ್ ಹೋದ ಹೊತ್ತಿಂದು ಬರೆದೇ ಇಲ್ಲ ಅಂದ್ರೆ ಯಾರೂ ತೆಗೆದುಕೊಡಕ್ಕೆ ಆಗಲ್ಲ, ಅದನ್ನು ಪಕ್ಕದವರಿಗೆ ನೇರವಾಗಿ ಹೇಳಿಬಿಡಿ.

ಪ್ರಶ್ನೆ (ಬೀದರ್): ಸರ್, ನಮ್ಮದು ಬೇರೆ ಕಥೆ. ಎರಡೇ ವರ್ಷದಲ್ಲಿ ಎರಡು ಡಿಸ್ಕ್ ಹೋಯ್ತು. ಅಡಾಪ್ಟರ್ ಹೊಸದೇ. ಡಿವಿಆರ್ ಹಾಲ್‌ನಲ್ಲಿ ಕಾಣಬಾರದು ಅಂತ ಬಡಿಗೇರರ ಹತ್ತಿರ ಕಟ್ಟಿಗೆ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿ, ಗೋಡೆ ಮೇಲೆ ಇಟ್ಟಿದ್ದೀವಿ. ಡಿಸ್ಕ್ ಎರಡು ಸಲವೂ ಹಳೇ ಕಂಪ್ಯೂಟರ್‌ಗಳದ್ದು. ನಡೆಯುತ್ತೆ ಅಂದಿದ್ರು.

ಉತ್ತರ: ನಡೆಯುತ್ತೆ, ಎಷ್ಟು ದಿನ ಅನ್ನೋದೇ ಪ್ರಶ್ನೆ. ಲೆಕ್ಕ ಹಾಕೋಣ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು, 4 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 4 ಮೆಗಾಬಿಟ್) ಇಟ್ಟಿದ್ದರೆ ದಿನಕ್ಕೆ ಸುಮಾರು 43 ಜಿಬಿ. ನಾಲ್ಕಕ್ಕೆ 173 ಜಿಬಿ. ವರ್ಷಕ್ಕೆ 63 ಟಿಬಿ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಹಲವಕ್ಕೆ ಕಂಪನಿಯೇ ಹೇಳೋದು ವರ್ಷಕ್ಕೆ 55 ಟಿಬಿ, ಅದೂ ದಿನಕ್ಕೆ ಎಂಟು ಗಂಟೆ ಕೆಲಸದ ಲೆಕ್ಕದಲ್ಲಿ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ ಸರ್ವೇಲೆನ್ಸ್ ಡಿಸ್ಕ್‌ಗಳು 24 ಗಂಟೆ ಓಡಲಿ ಅಂತಲೇ ಮಾಡಿದವು, ವರ್ಷಕ್ಕೆ 180 ಟಿಬಿ. ಪೂರ್ತಿ ಹೊಲ ಉಳೋಕೆ ಕರು ಕಟ್ಟಿದ ಹಾಗೆ ಆಗಿದೆ ನಿಮ್ಮದು.

ಇನ್ನು ಆ ಪೆಟ್ಟಿಗೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ದಾಟುತ್ತೆ, ಮುಚ್ಚಿದ ಪೆಟ್ಟಿಗೆಯೊಳಗೆ ಏನಾಗುತ್ತೆ ನೀವೇ ಯೋಚಿಸಿ. ಮೆನುವಿನಲ್ಲಿ ಎಚ್‌ಡಿಡಿ, ಅದರೊಳಗೆ ಸ್ಮಾರ್ಟ್ ಅಂತ ಪುಟ ಇರುತ್ತೆ, ಡಿಸ್ಕ್ ತನ್ನ ಆರೋಗ್ಯ ತಾನೇ ಹೇಳೋ ಪುಟ. ಅಲ್ಲಿ ಟೆಂಪರೇಚರ್ ನೋಡಿ. 60 ಡಿಗ್ರಿ ಅಕ್ಕಪಕ್ಕ ಇದ್ದರೆ ಡಿಸ್ಕ್ ಮಿತಿಯ ಅಂಚಲ್ಲಿ ಓಡ್ತಿದೆ. ಪೆಟ್ಟಿಗೆ ಹಿಂದೆ ಮುಂದೆ ಜಾಲಿ ಹಾಕಿಸಿ, ಡಿವಿಆರ್ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಒಳಗಿನ ಫ್ಯಾನ್ ತಿರುಗ್ತಿದೆಯಾ ಅಂತಲೂ ನೋಡಿ.

ಅದೇ ಪುಟದಲ್ಲಿ ಇನ್ನೂ ಮೂರು ಸಾಲು ನೋಡಿಕೊಳ್ಳಿ. ರಿಅಲೊಕೇಟೆಡ್ ಸೆಕ್ಟರ್ (ಕೆಟ್ಟಿದೆ ಅಂತ ಡಿಸ್ಕ್ ಬದಲಾಯಿಸಿಕೊಂಡ ಜಾಗ) ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಕ್ಕೆ ಬರದೆ ಅನುಮಾನದಲ್ಲಿರೋ ಜಾಗ), ಇವು ಸೊನ್ನೆ ಇರಬೇಕು. ವಾರ ವಾರ ಏರ್ತಾ ಇದ್ದರೆ ಡಿಸ್ಕ್‌ನ ದಿನ ಮುಗಿಯುತ್ತಾ ಬಂತು. (ಇಲ್ಲಿ ಕರೆಂಟ್ ಅಂದರೆ ಲೈಟಿನ ಕರೆಂಟ್ ಅಲ್ಲ, ‘ಈಗಿನ’ ಅಂತ ಅರ್ಥ, ಒಬ್ಬರು ಅದನ್ನು ಓದಿ ಸ್ಟೆಬಿಲೈಸರ್ ತಂದಿದ್ರು.) ಮೂರನೇದು ಸಿಆರ್‌ಸಿ ಎರರ್, ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಹೋಗುವಾಗ ಆದ ತಪ್ಪು. ಬರೀ ಅದು ಏರುತ್ತಿದ್ದರೆ ಡಿಸ್ಕ್ ಬಿಟ್ಟು ಮೊದಲು ಅವೆರಡನ್ನೂ ಸೇರಿಸೋ ಸಾಟಾ ಕೇಬಲ್ ಬದಲಾಯಿಸಿ. ಹೊಸ ಡಿಸ್ಕ್ ತಂದ ದಿನ ಪವರ್ ಆನ್ ಅವರ್ಸ್ ಕೂಡ ನೋಡಿ. ವರ್ಷಕ್ಕೆ 8,760 ಗಂಟೆ. ಹೊಸದು ಅಂತ ಕೊಟ್ಟ ಡಿಸ್ಕ್‌ನಲ್ಲಿ 20,000 ಇದ್ದರೆ ಅದು ಎಲ್ಲೋ ಎರಡು ವರ್ಷ ದುಡಿದು ಬಂದದ್ದು, ಹಾಗೇ ವಾಪಸ್ ಮಾಡಿ.

ಒಬ್ಬರು ಸದಸ್ಯರು: ಟಿಕ್ ಟಿಕ್ ಅನ್ನೋ ಡಿಸ್ಕನ್ನ ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಬೆಳಿಗ್ಗೆ ಓಡುತ್ತಂತೆ?

ಉತ್ತರ: ಫ್ರೀಜರ್‌ನಲ್ಲಿ ಐಸ್‌ಕ್ರೀಮ್ ಇಡಿ. ತಣ್ಣಗಾದ ಡಿಸ್ಕ್ ಹೊರಗೆ ತಂದ ಕೂಡಲೇ ಒಳಗೂ ಹೊರಗೂ ಹನಿ ಕೂರುತ್ತೆ, ಇದ್ದ ಡೇಟಾನೂ ಹೋಗುತ್ತೆ. ಟಿಕ್ ಟಿಕ್ ಅನ್ನೋ ಡಿಸ್ಕ್‌ನಲ್ಲಿ ಬೇಕಾದ ಫುಟೇಜ್ ಇದ್ದರೆ ಆಗಲೇ ಆಫ್ ಮಾಡಿ, ಮತ್ತೆ ಆನ್ ಮಾಡಲೇಬೇಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ. ಇನ್ನೊಂದು, ಡಿವಿಆರ್ ಡಿಸ್ಕನ್ನ ಲ್ಯಾಪ್‌ಟಾಪ್‌ಗೆ ಹಾಕಿದರೆ ವಿಂಡೋಸ್ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ. ಡಿಸ್ಕ್ ಖಾಲಿ ಅಂತಲ್ಲ, ಡಿವಿಆರ್ ಬರೆಯೋ ರೀತಿ ವಿಂಡೋಸ್‌ಗೆ ಓದಕ್ಕೆ ಬರಲ್ಲ, ಅಷ್ಟೇ. ಕ್ಯಾನ್ಸಲ್ ಒತ್ತಿ. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಗಿರಾಕಿಯ ಡಿಸ್ಕ್‌ಗೆ ಓಕೆ ಒತ್ತಿದ್ದೆ. ಅವರ ಮನೆಯ ಓಣಿಯಲ್ಲಿ ಈಗಲೂ ಸ್ಕೂಟರ್ ನಿಧಾನ ಮಾಡಲ್ಲ.

ಪ್ರಶ್ನೆ (ಯಾದಗಿರಿ): ಅಣ್ಣಾ, ನಾನು ಬೆಂಗಳೂರಲ್ಲಿದ್ದೀನಿ. ಶಹಾಪುರದ ಮನೆಯಲ್ಲಿ ಅವ್ವ ಒಬ್ಬಳೇ. ಫೋನ್‌ನಲ್ಲಿ ನೋಡ್ತೀನಿ. ಕರೆಂಟ್ ಹೋಗಿ ಬಂದ ದಿನದಿಂದ ರೆಕಾರ್ಡಿಂಗ್ ಕಾಣ್ತಿಲ್ಲ, ಡಿಸ್ಕ್ ನಾರ್ಮಲ್ ಅಂತಲೇ ತೋರಿಸುತ್ತೆ.

ಉತ್ತರ: ಅಕ್ಕಾ, ಲೈವ್ ಚಿತ್ರದ ಮೂಲೆಯಲ್ಲಿ ತಾರೀಖು ಏನಿದೆ ಓದಿ.

ಅದೇ ಪ್ರಶ್ನೆಯವರು: ಅಯ್ಯೋ, 2000 ಜನವರಿ ಅಂತಿದೆ!

ಉತ್ತರ: ರೆಕಾರ್ಡಿಂಗ್ ಆಗ್ತಿದೆ, ಜನವರಿ 2000ದಲ್ಲಿ ಕೂತಿದೆ. ಪ್ಲೇಬ್ಯಾಕ್‌ನಲ್ಲಿ ಆ ತಾರೀಖು ಹಾಕಿ ನೋಡಿ, ಅವ್ವ ಕಾಣ್ತಾರೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸೋ, ಬೋರ್ಡ್ ಮೇಲಿನ ಸಿಆರ್ 2032 ಸೆಲ್ ಮುಗಿದಿದೆ. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತೆ. ಅಲ್ಲಿವರೆಗೆ ಆ್ಯಪ್‌ನಿಂದಲೇ ಟೈಮ್ ಸರಿ ಮಾಡಿ. ಓವರ್‌ರೈಟ್ ಆನ್ ಇದೆಯಾ ಅಂತಲೂ ಒಮ್ಮೆ ನೋಡಿಬಿಡಿ, ಅದು ಆಫ್ ಇದ್ದರೆ ಡಿಸ್ಕ್ ತುಂಬಿದ ದಿನ ರೆಕಾರ್ಡಿಂಗ್ ನಿಲ್ಲುತ್ತೆ.

ಮೊದಲ ಪ್ರಶ್ನೆಯವರು (ಕಲಬುರಗಿ): ಅಣ್ಣಾ, ಹೊಸ ಅಡಾಪ್ಟರ್ ಹಾಕಿ ಮೂರು ರಾತ್ರಿ ಆಯ್ತು. ಬೀಪ್ ಮತ್ತೆ ಆನ್ ಮಾಡಿಸಿದೆ, ಒಂದು ಸಲವೂ ಹೊಡೆದಿಲ್ಲ. ಬೆಳಗಿನ ತನಕ ಪೂರ್ತಿ ಇದೆ. ಸ್ಮಾರ್ಟ್ ಪುಟದಲ್ಲಿ ಪೆಂಡಿಂಗ್ 8 ಅಂತಿದೆ, ಭಯ ಇದೆಯಾ?

ಉತ್ತರ: ಬರೆಯುವಾಗ ಕರೆಂಟ್ ಬಿದ್ದರೂ ಹಾಗೆ ಒಂದಿಷ್ಟು ಸೇರಿಕೊಳ್ಳುತ್ತೆ. ಮೇಲೆ ಹೊಸದು ಬರೆದಾಗ ಕಮ್ಮಿ ಆಗಬಹುದು. ಇವತ್ತಿನ ಪುಟದ ಫೋಟೋ ತೆಗೆದಿಡಿ, ಹದಿನೈದು ದಿನ ಬಿಟ್ಟು ಮತ್ತೊಂದು ತೆಗೆದು ಇಲ್ಲಿ ಹಾಕಿ. 8 ಇದ್ದದ್ದು 40 ಆದರೆ ಆಗ ಡಿಸ್ಕ್ ಮಾತಾಡೋಣ. ಮತ್ತೆ ಆ ಹಳೇ ಡಬ್ಬಿಯಿಂದ ಎಳೆದಿದ್ದ ಎರಡು ವೈರ್ ಹಾಗೇ ನೇತಾಡ್ತಿದ್ದರೆ ತುದಿಗೆ ಟೇಪ್ ಸುತ್ತಿ. ಅವೆರಡು ತಾಗಿಕೊಂಡರೆ ನಾಲ್ಕೂ ಕ್ಯಾಮೆರಾ ಒಟ್ಟಿಗೆ ಆಫ್.