ದಮ್ಮೋ, ತೇಕೋ?

ಮಕ್ಕಳಿಗೆ ಮನಿ ಕನ್ನಡ ಎಷ್ಟು ಕಲಿಸ್ಬೇಕು ಅಂತ ಹೋದ ವಾರ ಮಾತು ನಡದಿತ್ತಲ್ರಿ, ಅದಕ್ಕ ನಂದೊಂದು ಅನುಭವ. ನಮ್ಮ ಕಡೆ ದಮ್ಮು ಅಂದ್ರ ಅಸ್ತಮಾ, ತೇಕು ಅಂದ್ರ ದಣಿದಾಗ ಜೋರಾಗಿ ಉಸಿರು ಬಿಡೂದು.

ಈ ಸಲ ಸೂಟಿಗೆ ಗದಗಿಗೆ ಹೋದಾಗ ಏಳು ವರ್ಷದ ಮಗಳನ್ನ ಕರಕೊಂಡು ಕಪ್ಪತಗುಡ್ಡ ಹತ್ತಿದ್ವಿ. ಅರ್ಧ ದಾರಿಗೆ ಅಕಿ ಬಾಯಿ ತಕ್ಕೊಂಡು ಉಸಿರು ಬಿಡಾಕತ್ಲು. ಅಕಿಗೆ ಅಸ್ತಮಾ ಐತಿ. ನಂಗ ಎದಿ ಧಸಕ್ಕಂತು, ಬ್ಯಾಗಿನ್ಯಾಗಿನ ಇನ್‌ಹೇಲರ್ ಹುಡುಕಾಕತ್ತಿದ್ದೆ. ನಮ್ಮವ್ವ ಮೊಮ್ಮಗಳನ್ನ ಒಂದು ಕಲ್ಲಿನ ಮ್ಯಾಲ ಕುಂಡ್ರಿಸಿ, ಬೆನ್ನಿಗೆ ಕಿವಿ ಹಚ್ಚಿ ಕೇಳಿದ್ಲು. "ದಮ್ಮಲ್ಲ ತಂಗಿ, ಇದು ತೇಕು. ಕುಂತ್ರ ಹೋಕ್ಕೈತಿ. ದಮ್ಮಾದ್ರ ಒಳಗ ಪೀಪಿ ಊದಿದಂಗ ಸುಂಯ್ ಅಂತೈತಿ." ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಓಡಾಡಾಕತ್ಲು.

ಡಾಕ್ಟ್ರು 'ವೀಝ್' ಅನ್ನೂದು ಆ ಪೀಪಿಗೇ. ಎದಿಯೊಳಗಿನ ಸಣ್ಣ ಕೊಳವಿ ಬಿಗಿದಾಗ, ಹೆಚ್ಚಾಗಿ ಉಸಿರು ಬಿಡೂವಾಗ ಕೇಳೂ ಸಿಳ್ಳಿನ ಸಪ್ಪಳ. ಉಸಿರು ಎಳಕೊಳ್ಳೂವಾಗ ಗಂಟಲ ಕಡೆಯಿಂದ ಬರೂ ಸಪ್ಪಳಕ್ಕ ಅವ್ರು 'ಸ್ಟ್ರೈಡರ್' ಅಂತಾರ. ಅದು ಬ್ಯಾರೆ, ಅದನ್ನ ಕೇಳಿದ್ರ ತಡಾ ಮಾಡಬಾರದು.

ದಮ್ಮು ನಮ್ಮ ಹುಟ್ಟು ಮಾತಲ್ಲ. ಪಾರ್ಸಿಯೊಳಗ 'ದಮ್' ಅಂದ್ರ ಉಸಿರು. ಮರಾಠಿಯೊಳಗ ಈ ಬ್ಯಾನಿಗೆ 'ದಮಾ' ಅಂತಾರ. 1956ರ ತನಕ ನಾವು ಮುಂಬೈ ರಾಜ್ಯಕ್ಕ ಸೇರಿದವ್ರು, ಹಂಗಾಗಿ ನಮ್ಮ ಬಾಯಾಗ ಅದು ಗಟ್ಟಿ ಕುಂತಿರಬೇಕು. "ದಮ್ಮಿದ್ರ ಬಾ" ಅನ್ನೂದ್ರಾಗ, ದಮ್ ಬಿರಿಯಾನಿಯೊಳಗ ಇರೂದೂ ಅದೇ ಉಸಿರು. ಉಬ್ಬಸ ಅಂತೂ ಅನ್ನತೀವಿ, ತೆಲುಗರೂ ಅನ್ನತಾರ. ಏದುಸಿರು ಬರೇ ಪುಸ್ತಕದಾಗ ಓದಿದ್ದು. ನಂಗ ಖರೇ ಹಿಡಿಸಿದ್ದು ಅಸ್ತಮಾದ ಹುಟ್ಟು: ಗ್ರೀಕಿನ್ಯಾಗ ಆ ಮಾತಿಗೆ ತೇಕೂದು ಅಂತನ ಅರ್ಥ. ಅವ್ರ ತೇಕೇ ಮುಂದ ಬ್ಯಾನಿ ಹೆಸರಾತು. ನಮ್ಮವ್ವ ಮಾತ್ರ ಇವತ್ತಿಗೂ ಎರಡನ್ನ ಬ್ಯಾರೆ ಬ್ಯಾರೆ ಇಟ್ಟಾಳ.

ನಾವು ಮಕ್ಕಳಿಗೆ ಹಣ್ಣಿನ ಹೆಸರು, ಬಣ್ಣ, ಶ್ಲೋಕ ಎಲ್ಲಾ ಕಲಿಸ್ತೀವಿ. ಮೈಯಾಗ ಆಗೂದನ್ನ ಹೇಳೂ ಮಾತು ಕಲಿಸೂದಿಲ್ಲ. ನನ್ನ ಮಗಳು ಮೊದಲೆಲ್ಲಾ ದಮ್ಮು ಹತ್ತಿದ್ರೂ "ಹೊಟ್ಟಿ ನೋವು" ಅಂತಿದ್ಲು. ಒಂದು ರಾತ್ರಿ ನಾನು ಓಮಿನ ನೀರು ಕುಡಿಸಿ ಮಲಗಿಸಿಬಿಟ್ಟಿದ್ದೆ. ಬೆಳಗಿನ್ಯಾಗ ಅಕಿ ಪಕ್ಕಡಿ (ಪಕ್ಕೆಲುಬಿನ ಜಾಗ) ಒಳಗ ಜಗ್ಗೂದು ನೋಡಿ ದವಾಖಾನಿಗೆ ಓಡಿದ್ವಿ. ಅದು ಇನ್ನೂ ನನ್ನ ಮನಸ್ಸಿನ್ಯಾಗ ಐತಿ.

ಊರಿಂದ ಬಂದ ಮ್ಯಾಲ ಚಳಿ ಬಿದ್ದ ಒಂದು ರಾತ್ರಿ ಅಕಿನ ನನ್ನ ಎಬ್ಬಿಸಿದ್ಲು. "ಅವ್ವಾ, ತೇಕಲ್ಲ, ದಮ್ಮು. ಪೀಪಿ ಊದಾಕತ್ತೈತಿ." ಬೆನ್ನಿಗೆ ಕಿವಿ ಹಚ್ಚಿದೆ, ಸುಂಯ್ ಅಂತಿತ್ತು. ಡಾಕ್ಟ್ರು ಹೇಳಿಕೊಟ್ಟಂಗ ಸ್ಪೇಸರ್ (ಇನ್‌ಹೇಲರ್ ಬಾಯಿಗೆ ಹಚ್ಚೂ ದೊಡ್ಡ ಕೊಳವಿ) ಹಚ್ಚಿ ಇನ್‌ಹೇಲರ್ ಕೊಟ್ಟೆ. ಅಕಿ ನನ್ನ ತೊಡಿ ಮ್ಯಾಲ ಮಲಗಿದ್ಲು.

ಹಾವೇರಿ, ಹಾನಗಲ್ ಕಡೆಯವ್ರು ನಿಮ್ಮ ಮನ್ಯಾಗ ಇದಕ್ಕ ಏನಂತೀರಿ? ನಿಮ್ಮ ಅವ್ವ, ಆಯಿ ಹೆಂಗ ಅಂತಾರೋ ಹಂಗ ಬರೀರಿ.