ಅಪ್‌ಡೇಟ್: ಅನುಪಾತ ಸರಿಯಾಗಿಯೇ ಇತ್ತು, ತಪ್ಪಿದ್ದು ಇನ್ಸರ್ಟರ್‌ನಲ್ಲಿ

ಕಾರ್ಖಾನೆ ಕಟ್ಟುವ ಕಂಪ್ಯೂಟರ್ ಆಟ ಫ್ಯಾಕ್ಟೋರಿಯೋದಲ್ಲಿ 3 ತಾಮ್ರದ ತಂತಿ ಯಂತ್ರಗಳಿಗೆ 2 ಹಸಿರು ಸರ್ಕ್ಯೂಟ್ ಯಂತ್ರಗಳನ್ನು ಜೋಡಿಸಿಯೂ ನಿಮಿಷಕ್ಕೆ 120ರ ಬದಲು 66 ಸರ್ಕ್ಯೂಟ್ ಮಾತ್ರ ಏಕೆ ಬರುತ್ತಿದೆ ಎಂದು ಕೇಳಿದ್ದೆ. ಇನ್ಸರ್ಟರ್ (ಯಂತ್ರಗಳ ಒಳಗೆ, ಹೊರಗೆ ವಸ್ತು ಸಾಗಿಸುವ ಯಾಂತ್ರಿಕ ಕೈ) ನೋಡಿ ಎಂದವರಿಗೆ ಮನಸಾರೆ ಧನ್ಯವಾದ. ಗಂಟು ಇದ್ದದ್ದು ಅಲ್ಲಿಯೇ.

ಒಂದು ಸರ್ಕ್ಯೂಟ್‌ಗೆ 3 ತಂತಿ ಬೇಕು. ಮೊದಲ ದರ್ಜೆಯ ಯಂತ್ರ ಸೆಕೆಂಡಿಗೆ ಒಂದು ಸರ್ಕ್ಯೂಟ್ ಮಾಡುತ್ತದೆ, ತಂತಿ ಯಂತ್ರ ಸೆಕೆಂಡಿಗೆ 2 ತಂತಿ ಕೊಡುತ್ತದೆ. ಲೆಕ್ಕ ಚೊಕ್ಕವಾಗಿದೆ. ಆದರೆ ಹಳದಿ ಇನ್ಸರ್ಟರ್ ಸೆಕೆಂಡಿಗೆ 0.83 ವಸ್ತುವನ್ನಷ್ಟೇ ಸಾಗಿಸುತ್ತದೆ! ತಂತಿ ಯಂತ್ರದ ಹೊಟ್ಟೆ ತುಂಬಿ ನಿಂತಿದೆ, ಪಕ್ಕದಲ್ಲೇ ಸರ್ಕ್ಯೂಟ್ ಯಂತ್ರ ಹಸಿದು ಕುಳಿತಿದೆ, ನಡುವೆ ಆ ಹಳದಿ ಕೈ ಒಂದೊಂದೇ ತಂತಿಯನ್ನು ನಿಧಾನವಾಗಿ ದಾಟಿಸುತ್ತಿದೆ. ಮೂರು ದಿನ ಕಣ್ಣೆದುರೇ ಇದ್ದರೂ ನನಗೆ ಕಾಣಲಿಲ್ಲ.

ತಂತಿ ದಾಟಿಸುವ ನಾಲ್ಕೂ ಕಡೆ (ಬದಿಯ ಎರಡು ತಂತಿ ಯಂತ್ರಗಳಿಂದ ಒಂದೊಂದು, ನಡುವಿನದರಿಂದ ಎರಡು) ಸೆಕೆಂಡಿಗೆ 2.31 ವಸ್ತು ಸಾಗಿಸುವ ನೀಲಿ ಇನ್ಸರ್ಟರ್ ಹಾಕಿದೆ. ಉತ್ಪಾದನೆ 100ರ ಆಸುಪಾಸಿಗೆ ಏರಿ ಅಲ್ಲೇ ನಿಂತಿತು. ತಾಮ್ರ, ಕಬ್ಬಿಣದ ತಗಡು ಒಳಗೆ ಹಾಕುವ ಮತ್ತು ಸರ್ಕ್ಯೂಟ್ ಹೊರತೆಗೆಯುವ ಕಡೆಯೂ ಸೆಕೆಂಡಿಗೆ ಒಂದೊಂದು ಸಾಗಬೇಕಲ್ಲ, ಅಲ್ಲಿಯೂ ನೀಲಿ ಹಾಕಿದ ಮೇಲೆ ಗ್ರಾಫ್ 120ಕ್ಕೆ ಬಂದು ನೆಟ್ಟಗಾಯಿತು. ನೋಡಿ ಎಷ್ಟು ಸಂತೋಷವಾಯಿತೆಂದರೆ, ಹತ್ತು ನಿಮಿಷ ಬೇರೇನನ್ನೂ ಕಟ್ಟಲಿಲ್ಲ.

ಎರಡನೇ ದರ್ಜೆಯ ಯಂತ್ರಕ್ಕೆ ಈಗಲೇ ಹೋಗುವುದಿಲ್ಲ. ಅನುಪಾತ 3:2 ಆಗಿಯೇ ಉಳಿದರೂ ವೇಗ ಒಂದೂವರೆ ಪಟ್ಟಾಗುತ್ತದೆ, ಬದಿಯ ತಂತಿ ಯಂತ್ರದಿಂದ ಸೆಕೆಂಡಿಗೆ 3 ತಂತಿ ದಾಟಬೇಕಾಗುತ್ತದೆ. ಮೊದಲು ಇನ್ಸರ್ಟರ್ ಸಾಮರ್ಥ್ಯ ಹೆಚ್ಚಿಸುವ ಸಂಶೋಧನೆ ಮುಗಿಸುತ್ತೇನೆ.